ನೋಮಿಯಲ್ಲಿ ಸಿಕ್ಕಿದ ಎರಡನೆಯ ಮಾರ್ಟಿನ್

ನನ್ನ ಮೊಮ್ಮಗಳಿಗೆ ನನ್ನ ಹೆಂಡತಿಯ ಹೆಸರು ಬಂತು. ನೀಲವ್ವ. ಜಪಾನಿನ ನೋಮಿ ಎಂಬ ಊರಿನ ಕಚೇರಿಯಲ್ಲಿ ಅದನ್ನು ಬರೆದು, ಮುದ್ರೆ ಒತ್ತಿ, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದಾರೆ. ನೀಲವ್ವ ಕಾನ್ರಿ. ಬರೆದಷ್ಟೂ ಬರೆಯಬೇಕು ಅನಿಸುತ್ತದೆ, ಅದಕ್ಕೇ ಇನ್ನೊಮ್ಮೆ ಬರೆಯುತ್ತೇನೆ, ನೀಲವ್ವ ಕಾನ್ರಿ. ಮೊದಲ ಅರ್ಧ ಹಾವೇರಿ ಕಡೆಯದು, ಉಳಿದ ಅರ್ಧ ಐರ್ಲೆಂಡಿನದು. ಹುಟ್ಟಿದ್ದು ಇವೆರಡೂ ಅಲ್ಲದ ಮೂರನೆಯ ದೇಶದಲ್ಲಿ. ಇದು ಹೇಗೆ ಆಯಿತು ಎಂದು ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ನಾನು ಹೆಳವ. ಹೆಸರು ಸಿದ್ದಪ್ಪ. ನಮ್ಮ ಕಸುಬು ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಊರೂರಿಗೆ ಹೋಗಿ, ನಮಗೆ ಸೇರಿದ ಮನೆಗಳ ಮುಂದೆ ಕೂತು, ಆ ಮನೆಯ ವಂಶಾವಳಿಯನ್ನು ಪುಸ್ತಕ ನೋಡಿ ಗಟ್ಟಿಯಾಗಿ ಓದುತ್ತೇವೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದವರ ಹೆಸರು ಕೇಳಿ ಕೆಳಗೆ ಬರೆದುಕೊಳ್ಳುತ್ತೇವೆ. ಅವರು ಕೊಟ್ಟ ಕಾಳುಕಡಿ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತೇವೆ. ನನ್ನಪ್ಪ ಎತ್ತಿನ ಮೇಲೆ ಪುಸ್ತಕ ಹೇರಿಕೊಂಡು ತಿರುಗಿದ. ನಾನು ಸೈಕಲ್ಲಿನ ಮೇಲೆ, ಆಮೇಲೆ ಬಸ್ಸಿನಲ್ಲಿ. ಈಗ ನನ್ನ ತಮ್ಮನ ಮಕ್ಕಳು ಟಂಟಂ ಗಾಡಿಯಲ್ಲಿ ಹೋಗುತ್ತಾರೆ. ನಾನು ಶಾಲೆಗೆ ಹೋದದ್ದು ಮೂರನೆಯ ಇಯತ್ತೆವರೆಗೆ. ಅಕ್ಷರ ಶಾಲೆಯಲ್ಲಿ ಕಲಿತದ್ದು ಕಡಿಮೆ, ಕಂಡವರ ಮುತ್ತಜ್ಜಂದಿರ ಹೆಸರುಗಳಲ್ಲಿ ಕಲಿತದ್ದು ಹೆಚ್ಚು.

ನಮ್ಮ ಕಸುಬಿನಲ್ಲಿ ಒಂದು ಕಟ್ಟು ಇದೆ. ಹೆಸರು ಹೇಳುವವರು ಮನೆಯವರು, ಬರೆಯುವವರು ನಾವು. ಮಗುವಿಗೆ ಇಂಥ ಹೆಸರು ಇಡಿರಿ ಎಂದು ಹೆಳವ ಬಾಯಿ ಹಾಕಬಾರದು. ಅಪ್ಪ ಇದನ್ನು ಎಷ್ಟು ಸಲ ಹೇಳಿದ್ದನೆಂದರೆ, ಅದು ನನ್ನ ನಾಲಿಗೆಗೆ ಬೀಗವಾಗಿ ಕೂತಿತ್ತು. ಹೀಗಾಗಿ ಮಗಳು ಶಾಂತಾಳಿಗೆ ಹೆಣ್ಣು ಹುಟ್ಟಿತೆಂದು ಜಪಾನಿನಿಂದ ಫೋನ್ ಬಂದಾಗ, ಈ ಕೂಸಿಗೆ ಶಾಂತಾಳ ಅವ್ವನ ಹೆಸರು ಬಂದರೆ ಎಷ್ಟು ಚೆನ್ನ ಎಂದು ಎದೆಯೊಳಗೆ ಅನಿಸಿತೇ ಹೊರತು ಬಾಯಿಗೆ ಬರಲಿಲ್ಲ. ನನ್ನ ಹೆಂಡತಿ ತೀರಿಹೋಗಿ ಆರು ವರ್ಷ. ನಾನು ಫೋನಿನಲ್ಲಿ ಕೂಸಿನ ತೂಕ ಕೇಳಿ, ಪೆಟ್ಟಿಗೆ ಕಟ್ಟಿದೆ.

ವಿಮಾನ ನಿಲ್ದಾಣ

ನನ್ನ ಕೈಚೀಲದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಹೊಸ ಪುಸ್ತಕ ಇತ್ತು. ಗಟ್ಟಿ ರಟ್ಟಿನದು, ಒಳಗೆಲ್ಲ ಖಾಲಿ ಹಾಳೆ. ಮಗಳ ಮಕ್ಕಳು ಅವರ ಅಪ್ಪನ ಮನೆಯ ವಂಶಾವಳಿಗೆ ಸೇರಿದವರು. ಹಾಗಾಗಿ ಬೀಗರ ಮನೆತನದ ಹೆಸರುಗಳನ್ನು ಕೇಳಿ ಬರೆದು, ಅದನ್ನೇ ಅವರಿಗೆ ಉಡುಗೊರೆ ಕೊಡಬೇಕೆಂದು ಎಣಿಸಿದ್ದೆ. ಬಟ್ಟೆಬರೆ ಯಾರಾದರೂ ಕೊಡುತ್ತಾರೆ.

ಟೋಕಿಯೋದಲ್ಲಿ ಇಳಿದಾಗ ತಪಾಸಣೆಯ ಹುಡುಗಿ ಗಂಟು ಬಿಚ್ಚಿ, ಪುಟ ತಿರುವಿ, ಏನೂ ಬರೆಯದ್ದನ್ನು ಕಂಡು ನನ್ನ ಮುಖ ನೋಡಿದಳು. ಖಾಲಿ ಪುಸ್ತಕವನ್ನು ಇಷ್ಟು ಭಕ್ತಿಯಿಂದ ಸುತ್ತಿ ತರುವವನು ಏನೋ ಬಚ್ಚಿಟ್ಟಿರಬೇಕು ಎಂದು ಅವಳಿಗೆ ಅನಿಸಿದ್ದರೆ ತಪ್ಪೇನಿಲ್ಲ. ಮಾತನ್ನು ಅವರ ಭಾಷೆಗೆ ತಿರುಗಿಸುವ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಕನ್ನಡದಲ್ಲಿ, ಇದು ಮೊಮ್ಮಗಳ ಅಜ್ಜಂದಿರ ಹೆಸರು ಬರೆಯುವ ಪುಸ್ತಕ ಎಂದೆ. ಫೋನು ಅವಳಿಗೆ ಏನು ಹೇಳಿತೋ ತಿಳಿಯದು. ಅವಳು ಮತ್ತೆ ಅದೇ ಮಡಿಕೆಯಲ್ಲಿ ಬಟ್ಟೆ ಸುತ್ತಿ, ನಾನು ಹಾಕಿದ್ದಕ್ಕಿಂತ ಚಂದದ ಗಂಟು ಹಾಕಿ, ಎರಡೂ ಕೈಯಲ್ಲಿ ಹಿಡಿದು ತಲೆಬಾಗಿ ಕೊಟ್ಟಳು. ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಪುಸ್ತಕಕ್ಕೆ ಹೀಗೇ ಕೈ ಮುಗಿಯುತ್ತಿದ್ದರು. ಈಗ ಬಹಳ ಮನೆಗಳಲ್ಲಿ ಟೀವಿಯ ದನಿಯನ್ನಷ್ಟೇ ಸ್ವಲ್ಪ ಇಳಿಸುತ್ತಾರೆ.

ಫುನಾಬೊರಿ

ಮೊದಲ ದಿನ ಟೋಕಿಯೋದ ಫುನಾಬೊರಿಯಲ್ಲಿ ಶಾಂತಾಳ ಗೆಳತಿ ರೂಪಾಳ ಮನೆಯಲ್ಲಿ ಉಳಿದೆ. ಬೆಂಗಳೂರಿನ ಹುಡುಗಿ. ಆ ಕೇರಿಯಲ್ಲಿ ನಮ್ಮವರು ಎಷ್ಟು ಮಂದಿ ಇದ್ದಾರೆಂದರೆ, ಲಿಫ್ಟಿನಲ್ಲಿ ಒಗ್ಗರಣೆಯ ವಾಸನೆ ಹಿಡಿದೇ ಇವತ್ತು ಯಾರ ಮನೆಯಲ್ಲಿ ಸಾರು ಎಂದು ಹೇಳಬಹುದು.

ರೂಪಾಳ ಮಗಳು ಅನಿಕಾಗೆ ಏಳು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಜಪಾನಿಯಲ್ಲಿ ಬರುತ್ತಿತ್ತು. ಕಸುಬಿನ ಚಾಳಿ, ನಿನ್ನ ಅಜ್ಜನ ಹೆಸರೇನವ್ವ ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, "ತಾತ" ಎಂದಳು. ಅಜ್ಜಿಯ ಹೆಸರು ಕೇಳಿದೆ. "ಅಜ್ಜಿ" ಎಂದಳು.

ರೂಪಾ ನಾಚಿಕೊಂಡು, "ಅಂಕಲ್, ಅವಳು ಅವ್ರನ್ನ ನೋಡೋದೇ ವೀಡಿಯೋ ಕಾಲಲ್ಲಿ. ಹೆಸರು ಹೇಳೋ ಚಾನ್ಸೇ ಬಂದಿಲ್ಲ" ಎಂದಳು.

ನಾನು ನಕ್ಕೆ. ಆದರೆ ಮರುದಿನ ಬುಲೆಟ್ ರೈಲಿನಲ್ಲಿ ಕಿಟಕಿಯ ಪಕ್ಕ ಕೂತಾಗ, ಹಿಮ ಹೊತ್ತ ಬೆಟ್ಟಗಳು ಓಡುತ್ತಿದ್ದರೂ ನನ್ನ ಕಣ್ಣಿಗೆ ಹಿಡಿಸಲಿಲ್ಲ. ನನ್ನ ಮೊಮ್ಮಗಳಿಗಾದರೋ ವೀಡಿಯೋ ಕಾಲಿನಲ್ಲಿ ತೋರಿಸುವುದಕ್ಕೂ ಅವ್ವನ ಕಡೆಯ ಅಜ್ಜಿ ಇಲ್ಲ.

ನೋಮಿ, ಕೂಸಿನ ಆರನೆಯ ದಿನ

ಕೊಮಾತ್ಸು ಸ್ಟೇಷನ್ನಿಗೆ ಅಳಿಯ ಮಾರ್ಟಿನ್ ಬಂದಿದ್ದ. ಆರಡಿಗಿಂತ ಎತ್ತರ, ಕೆಂಪು ಗಡ್ಡ. ಶಾಂತಾ ಮತ್ತು ಅವನು ನೋಮಿಯ ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಯೊಳಗೆ ಹಾಕುವ ಯಾವುದೋ ಪುಡಿಯ ಬಗ್ಗೆ ಸಂಶೋಧನೆ ಮಾಡುತ್ತ ಮಾಡುತ್ತ ಮದುವೆಯಾದವರು. ಅವನು ಕನ್ನಡ ಕಲಿತದ್ದು ನನ್ನ ಮಗಳ ಬಾಯಿಂದ. "ಮಾವಾರ, ಊಟ ಆತೇನ್ರಿ?" ಎಂದು ಅವನು ಕೇಳಿದ್ದಕ್ಕೆ, ಪಕ್ಕದಲ್ಲಿ ಕರ್ನಾಟಕದವರು ಯಾರಾದರೂ ಇದ್ದಿದ್ದರೆ ರಾಣೆಬೆನ್ನೂರಿನ ಹುಡುಗ ಗಡ್ಡಕ್ಕೆ ಮದರಂಗಿ ಹಚ್ಚಿದ್ದಾನೆ ಅನ್ನುತ್ತಿದ್ದರು.

ಮನೆಯಲ್ಲಿ ಬೀಗರು ಆಗಲೇ ಬಂದಿದ್ದರು. ಹೆಸರು ಟಾಮ್ ಕಾನ್ರಿ. ನಿವೃತ್ತ ಪೋಸ್ಟ್‌ಮ್ಯಾನ್. ಬೀಗಿತಿ ನೋರಾ ಅವರಿಗೆ ಮೊಣಕಾಲಿನ ಆಪರೇಷನ್ ಆಗಿ ಬರಲು ಆಗಿರಲಿಲ್ಲ. ಬೀಗರೂ ನಾನೂ ಅಲ್ಲಿಯವರೆಗೆ ಫೋನಿನ ಪರದೆಯಲ್ಲಿ ಮಾತ್ರ ನೋಡಿಕೊಂಡವರು. ಅವರಿಗೆ ಕನ್ನಡ ಇಲ್ಲ, ನನಗೆ ಇಂಗ್ಲಿಷ್ ಇಲ್ಲ. ಇಬ್ಬರೂ ಒಂದೇ ಸಲ ಕೂಸಿನ ಕಡೆ ಬೆರಳು ಮಾಡಿ ನಕ್ಕೆವು. ಅಷ್ಟಕ್ಕೆ ಪರಿಚಯ ಮುಗಿಯಿತು.

ಕೂಸಿಗೆ ಇನ್ನೂ ಹೆಸರಿರಲಿಲ್ಲ. ಹುಟ್ಟಿದ ಹದಿನಾಲ್ಕು ದಿನದೊಳಗೆ ಊರಿನ ಕಚೇರಿಯಲ್ಲಿ ಬರೆಸಬೇಕಂತೆ. ಫ್ರಿಜ್ಜಿನ ಬಾಗಿಲಿಗೆ ಹೆಸರುಗಳ ಒಂದು ಪಟ್ಟಿ ಅಂಟಿಸಿದ್ದರು. ಮಾಯಾ, ಹಾನಾ, ಎಮಿ, ಅನ್ಯಾ. ಮೂರೂ ದೇಶದ ಬಾಯಿಗೆ ಒಗ್ಗುವ ಸಣ್ಣ ಸಣ್ಣ ಹೆಸರುಗಳು. ಶಾಂತಾ ನನ್ನನ್ನು ಕೇಳಿದಳು, ಯಾವುದು ಚಲೋ ಅಪ್ಪಾ ಎಂದು. ಎಲ್ಲಾ ಚಲೋ ಅವ ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಿಗೆ ನೋಡಿದಳು. ನಾನು ಕೂಸಿನ ಕಾಲುಚೀಲ ಸರಿಮಾಡಿದೆ.

ಕಿತಾ ಸಾನ್ ಓಣಿ

ಇಲ್ಲಿ ಪ್ರತಿ ಮನೆಯ ಗೇಟಿನಲ್ಲೂ ಮನೆತನದ ಹೆಸರನ್ನು ಕಲ್ಲಿನ ಮೇಲೋ ಹಲಗೆಯ ಮೇಲೋ ಕೆತ್ತಿ ಹಾಕಿರುತ್ತಾರೆ. ಸ್ಮಶಾನದಲ್ಲಿಯೂ ಹಾಗೇ, ಮನೆಗೊಂದು ಕಲ್ಲು, ಅದರ ಮೇಲೆ ಮನೆತನದ ಹೆಸರು. ಹೆಳವನಿಗೆ ಇದಕ್ಕಿಂತ ಚಂದದ ದೇಶ ಉಂಟೇ ಅನಿಸಿತು.

ಎರಡನೆಯ ಬೆಳಿಗ್ಗೆ ಒಬ್ಬನೇ ತಿರುಗಾಡಲು ಹೊರಟೆ. ದಾರಿ ತಪ್ಪಬಾರದೆಂದು ಶಾಂತಾಳ ಪಕ್ಕದ ಮನೆಯ ಗೇಟಿನ ಅಕ್ಷರವನ್ನು ನೆನಪಿಟ್ಟುಕೊಂಡೆ. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಕೂತ ಹಾಗೆ ಇತ್ತು ಅದು. ಗದ್ದೆಗಳಿಗೆ ಆಗಷ್ಟೇ ನೀರು ಬಿಟ್ಟಿದ್ದರು. ನಾಟಿ ಯಂತ್ರದ ಹಿಂದೆ ನಡೆಯುತ್ತಿದ್ದವರಿಗೆಲ್ಲ ಕೈ ಮುಗಿಯುತ್ತ ಹೋದೆ, ಅವರೆಲ್ಲ ತಲೆಬಾಗುತ್ತ ಹೋದರು. ತಿರುಗಿ ಬಂದಾಗ ಬೆನ್ನಿಗೆ ಬೆನ್ನು ಹಚ್ಚಿದ ಇಬ್ಬರು ಸಿಕ್ಕರು. ಪಕ್ಕದ ಮನೆಯ ಬಾಗಿಲು ಸರಿಸಿ, ಚಪ್ಪಲಿ ಬಿಟ್ಟು ಒಳಗೆ ಹೋದೆ. ಕೂಸಿನ ಸದ್ದಿಲ್ಲ. ಗೋಡೆಯ ಮೇಲೆ ಯಾರೋ ಅಪರಿಚಿತ ಮುದುಕನ ಫೋಟೋ. ಒಳಗಿಂದ ಬಂದ ಒಬ್ಬ ಅಜ್ಜಿ ನನ್ನನ್ನು ನೋಡಿ, ಕೈಯಲ್ಲಿದ್ದ ಮೂಲಂಗಿಯನ್ನು ಎದೆಗೆ ಅವಚಿಕೊಂಡಳು.

ನನಗೆ ಬರುತ್ತಿದ್ದ ಜಪಾನಿ ಮಾತು ಒಂದೇ, ತಪ್ಪಾಯಿತು ಅನ್ನುವುದು. "ಸುಮಿಮಾಸೆನ್" ಎಂದೆ. ಇನ್ನೊಮ್ಮೆ ಎಂದೆ. ಅಜ್ಜಿ ಮೂಲಂಗಿ ಕೆಳಗಿಟ್ಟು, ನನ್ನ ತಲೆಯ ಮೇಲಿನ ಟೋಪಿ ನೋಡಿ, "ಆ, ಶಾಂತಾ ಸಾನ್" ಎಂದಳು. ನನ್ನನ್ನು ಕೈಹಿಡಿದು ಮೂರು ಓಣಿ ದಾಟಿಸಿ ಮನೆಗೆ ಮುಟ್ಟಿಸಿದಳು. ದಾರಿಯುದ್ದಕ್ಕೂ ಪ್ರತಿ ಗೇಟಿನಲ್ಲೂ ಅದೇ ಅಕ್ಷರ. ಆ ಊರಿನ ಅರ್ಧ ಮಂದಿ ಕಿತಾ ಮನೆತನದವರೇ ಅಂತೆ. ಅಜ್ಜಿಯೂ ಕಿತಾ ಸಾನ್, ಸಾನ್ ಎಂದರೆ ನಮ್ಮ ಕಡೆ ಹೆಸರಿಗೆ ‘ಅವರು’ ಹಚ್ಚಿದ ಹಾಗೆ.

ಶಾಂತಾ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. "ಯಪ್ಪಾ, ಐವತ್ತು ವರ್ಷ ಮಂದಿ ಮನಿ ಹುಡುಕಿದಾಂವ ನೀ. ಹೆಸರು ಒಂದ ಇದ್ರ ಮನಿ ಒಂದ ಆಗ್ತೈತೇನು?"

ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡಿತು.

ಬೀಗರ ಫೈಲು

ನನ್ನ ಖಾಲಿ ಪುಸ್ತಕ ಕಂಡು ಬೀಗರ ಕಣ್ಣು ಅರಳಿತು. ಒಳಗೆ ಹೋಗಿ ಅವರೊಂದು ದಪ್ಪ ಫೈಲು ತಂದರು. ನಾಲ್ಕು ವರ್ಷದಿಂದ ಅವರು ತಮ್ಮ ವಂಶದ ಹೆಸರುಗಳನ್ನು ಹುಡುಕುತ್ತಿದ್ದರಂತೆ. ಅವರ ದೇಶದಲ್ಲಿ ಹಳೆಯ ದಾಖಲೆಗಳ ದೊಡ್ಡ ಕಟ್ಟಡವೊಂದು ಬೆಂಕಿಗೆ ಸಿಕ್ಕು ಬಹಳ ಕಾಗದ ಸುಟ್ಟುಹೋಗಿವೆಯಂತೆ. ಉಳಿದದ್ದು ಚರ್ಚಿನ ಪುಸ್ತಕಗಳು. ಅವುಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹಾಕಿದ್ದಾರೆ.

ನಿಮ್ಮಲ್ಲಿ ಹೆಳವರಿಲ್ಲವೇ ಎಂದು ಕೇಳಿದೆ. ಶಾಂತಾ ನಮ್ಮ ಕಸುಬನ್ನು ಬಿಡಿಸಿ ಹೇಳಿದಳು. ಬೀಗರು ಕುರ್ಚಿಯಿಂದ ಎದ್ದೇಬಿಟ್ಟರು. ಕಾನ್ರಿ ಎಂಬ ಹೆಸರಿಗೆ ಒಂದೆರಡು ಮೂಲ ಇವೆಯಂತೆ. ಅವರ ಸೀಮೆಯ ಕಾನ್ರಿಗಳ ಪೂರ್ವಜರು, ಹಳೆಯ ಕಾಲದಲ್ಲಿ ರಾಜರ ವಂಶಾವಳಿ ಬರೆದಿಟ್ಟು, ಪಟ್ಟ ಕಟ್ಟುವಾಗ ಸಭೆಯಲ್ಲಿ ಓದಿ ಹೇಳುತ್ತಿದ್ದ ಮನೆತನದವರು ಎಂದು ಪುಸ್ತಕಗಳು ಹೇಳುತ್ತವಂತೆ. ತಾನು ಅದೇ ಮನೆಯವನೋ ಅಲ್ಲವೋ ತಿಳಿಯುವುದಕ್ಕೇ ಈ ಹುಡುಕಾಟ ಅಂದರು.

"ಹಂಗಾರ ಇವರೂ ಹೆಳವರ" ಎಂದೆ.

ಶಾಂತಾ ಹಣೆಗೆ ಕೈ ಹಚ್ಚಿಕೊಂಡಳು. ಎತ್ತು, ಗಂಟೆ, ಪುಸ್ತಕ ಸಾಕೆಂದು ಇಷ್ಟು ದೂರ ಓದಿಕೊಂಡು ಬಂದವಳು, ಜಗತ್ತೆಲ್ಲ ಹುಡುಕಿ ಅದೇ ಕಸುಬಿನ ಮನೆಗೆ ಸೊಸೆಯಾಗಿದ್ದಳು. ಈ ಮದುವೆಯಾದಾಗ ನೆಂಟರು ನನ್ನನ್ನು ಕೇಳಿದ್ದರು, ಹುಡುಗ ಯಾವ ಮಂದಿ ಎಂದು. ಆಗ ಮಾತು ಬೇರೆ ಕಡೆ ತಿರುಗಿಸಿದ್ದೆ. ಈಗ ಊರಿಗೆ ಹೋದ ಮೇಲೆ ನಾನಾಗಿಯೇ ಮನೆಮನೆಗೆ ಹೋಗಿ ಹೇಳುವವನಿದ್ದೇನೆ.

ಬರೆಯಲು ಕೂತೆ. ಅಳಿಯ ಮಾರ್ಟಿನ್, ಅವನಪ್ಪ ಥಾಮಸ್ ಎಂಬ ಟಾಮ್, ಅವರಪ್ಪ ಮಾರ್ಟಿನ್, ಅವರಪ್ಪ ಥಾಮಸ್, ಅವರಪ್ಪ ಮಾರ್ಟಿನ್. ಒಂದು ಬಿಟ್ಟು ಒಂದು ಅಜ್ಜನ ಹೆಸರು ಮೊಮ್ಮಗನಿಗೆ, ನಮ್ಮ ಬಸಪ್ಪ ಸಂಗಪ್ಪರ ಹಾಗೆಯೇ. ಅವರ ಕಡೆ ಇದು ರೂಢಿಯಂತೆ. ಮೊದಲ ಗಂಡಿಗೆ ಅಪ್ಪನ ಅಪ್ಪನ ಹೆಸರು. ಮೊದಲ ಹೆಣ್ಣಿಗೆ ಅವ್ವನ ಅವ್ವನ ಹೆಸರು.

ಶಾಂತಾ ಇದನ್ನು ಕನ್ನಡಕ್ಕೆ ತಿರುಗಿಸುತ್ತಿದ್ದವಳು ಅಲ್ಲಿ ಸ್ವಲ್ಪ ನಿಂತಳು. ನನ್ನ ಪೆನ್ನೂ ನಿಂತಿತು. ಬೀಗರು ಮಾತ್ರ ತಲೆಯಾಡಿಸಿದರು. ಇದು ದೇಶದ ಮಾತು, ನಮ್ಮ ಮನೆಯಲ್ಲಿ ನಡೆದಿತ್ತೋ ಇಲ್ಲವೋ ಗೊತ್ತಿಲ್ಲ, ನನಗಂತೂ ಅಕ್ಕತಂಗಿಯರಿಲ್ಲ, ಅದಕ್ಕೂ ಹಿಂದಿನದನ್ನು ನೋಡೋಣವೆಂದರೆ ಸಾಲು ಈ ಮಾರ್ಟಿನ್‌ನಲ್ಲಿ ಕಡಿದುಹೋಗಿದೆ ಎಂದರು. ಮುತ್ತಜ್ಜನ ಗೋರಿಯ ಮೇಲಿನ ವಯಸ್ಸು ಹಿಡಿದು ಹುಟ್ಟಿದ ವರ್ಷ ಲೆಕ್ಕ ಹಾಕಿ, ಆ ವರ್ಷದ ಪುಟದಲ್ಲಿ ಥಾಮಸ್‌ನ ಮಗ ಮಾರ್ಟಿನ್ ಎಂಬ ಕೂಸನ್ನು ಹುಡುಕಿದ್ದರು. ಆದರೆ ಅದರ ಪಕ್ಕದಲ್ಲೇ ಪಾದ್ರಿ ಬರೆದಿದ್ದರು, ಈ ಕೂಸು ಮೂರನೆಯ ವರ್ಷಕ್ಕೆ ತೀರಿಕೊಂಡಿತು ಎಂದು. ಮೂರು ವರ್ಷಕ್ಕೆ ಹೋದವನು ಯಾರಿಗೆ ಮುತ್ತಜ್ಜ ಆದಾನು? ಇದು ಬೇರೆ ಯಾರದೋ ಮನೆ ಎಂದು ಬೀಗರು ಪುಸ್ತಕ ಮುಚ್ಚಿದ್ದರು.

ಆ ಫೈಲು ಮೇಜಿನ ಮೇಲೆ ನಾಲ್ಕು ದಿನ ಬಿದ್ದಿತ್ತು. ಫ್ರಿಜ್ಜಿನ ಮೇಲಿನ ಪಟ್ಟಿಯಲ್ಲಿ ಹಾನಾ ಮುಂದೆ ಇದ್ದಳು.

ಹನ್ನೆರಡನೆಯ ದಿನ

ಅವತ್ತು ಬೆಳಿಗ್ಗೆ ಕಿತಾ ಸಾನ್ ಎಳೆ ಬಿದಿರಿನ ಕಳಲೆ ತಂದುಕೊಟ್ಟು ಹೋದಳು. ಅವಳನ್ನು ಬೀಳ್ಕೊಡಲು ಗೇಟಿಗೆ ಹೋದವನ ಕಣ್ಣಿಗೆ ಪಕ್ಕದ ಮನೆಯ ಅಕ್ಷರ ಬಿತ್ತು. ಬೆನ್ನಿಗೆ ಬೆನ್ನು ಹಚ್ಚಿದ ಅದೇ ಇಬ್ಬರು. ಹೆಸರು ಒಂದೇ, ಮನೆ ಬೇರೆ. ನಾನು ತಪ್ಪಿದ್ದು ಅಲ್ಲಿ. ಬೀಗರು ತಪ್ಪಿದ್ದು ಅದಕ್ಕೆ ತಿರುಗುಮುರುಗು. ಮನೆ ಒಂದೇ, ಆದರೆ ಆ ಹೆಸರಿನವರು ಇಬ್ಬರು ಯಾಕಿರಬಾರದು?

ಒಳಗೆ ಬಂದು ಶಾಂತಾಳಿಗೆ ಹೇಳಿದೆ. ನಮ್ಮ ಪುಸ್ತಕಗಳಲ್ಲಿ ಇದು ಎಷ್ಟು ಸಲ ಬಂದಿಲ್ಲ. ಮೊದಲ ಕೂಸು ಹೋದರೆ, ಅಜ್ಜನ ಹೆಸರು ನಿಲ್ಲಲೇಬೇಕೆಂದು ಮುಂದಿನ ಕೂಸಿಗೆ ಅದನ್ನೇ ಇಡುತ್ತಾರೆ. ಬೀಗರ ಮನೆಯಲ್ಲಿ ಮೊದಲ ಮಗನಿಗೆ ಅಜ್ಜನ ಹೆಸರು ತಪ್ಪದೆ ಬರಬೇಕಾದರೆ, ಆ ಮಾರ್ಟಿನ್ ಹೋದ ಮೇಲೆ ಇನ್ನೊಬ್ಬ ಮಾರ್ಟಿನ್ ಬಂದೇ ಬಂದಿರಬೇಕು. ಮುಂದಿನ ಪುಟಗಳನ್ನು ನೋಡಲು ಹೇಳು ಎಂದೆ.

ಬೀಗರು ನಂಬಲಿಲ್ಲ. ಸತ್ತ ಮಗುವಿನ ಹೆಸರನ್ನು ಯಾವ ತಾಯಿ ಮತ್ತೆ ಕರೆದಾಳು ಎಂದರು. ಗೋರಿಯ ಮೇಲಿನ ವಯಸ್ಸು ಸುಳ್ಳಾಗುತ್ತದಲ್ಲ ಎಂದೂ ಅಂದರು.

"ಬೀಗರಿಗೆ ಹೇಳು, ಮುದುಕರು ಹೇಳಿದ ವಯಸ್ಸು ನಂಬಬಾರದು. ನಮ್ಮ ದೊಡ್ಡಪ್ಪ ಎಂಬತ್ತಾದಾಗಿಂದ ನೂರು ನೂರು ಅಂತಿದ್ದ."

ಬೀಗರು ನಕ್ಕು ಕಂಪ್ಯೂಟರ್ ತೆರೆದರು. ನಾವು ಮೂವರೂ ಅದರ ಮುಂದೆ ಕೂತೆವು. ಮಾರ್ಟಿನ್ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತ. ಓರೆ ಓರೆ ಅಕ್ಷರಗಳು, ಎಲ್ಲೋ ಮಸಿ ಚೆಲ್ಲಿದ್ದು, ಎಲ್ಲೋ ಹುಳ ತಿಂದದ್ದು. ನನಗೆ ಓದಲು ಬಾರದ ಭಾಷೆ, ಆದರೆ ಆ ಪುಟಗಳು ನನ್ನ ಅಪ್ಪನ ಪುಟಗಳ ಹಾಗೇ ಇದ್ದವು. ಆ ಕಾಲಕ್ಕೆ ಅಲ್ಲಿ ಆಲೂಗಡ್ಡೆ ಕೊಳೆತು, ಬಹಳ ಜನ ಹಸಿವಿನಿಂದ ಸತ್ತಿದ್ದರಂತೆ. ಕೆಲವು ವರ್ಷಗಳ ಪುಟಗಳಲ್ಲಿ ಹುಟ್ಟಿದವರೇ ಕಡಿಮೆ.

ನಾಲ್ಕು ವರ್ಷದ ಪುಟ ದಾಟಿದ ಮೇಲೆ ಬೀಗರ ಬೆರಳು ನಿಂತಿತು. ಥಾಮಸ್ ಕಾನ್ರಿಯ ಮಗ, ಮಾರ್ಟಿನ್. ಅದೇ ತಂದೆ, ಅದೇ ತಾಯಿ, ಅದೇ ಹಳ್ಳಿ. ಬೀಗರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಓದಿದರು. ಅಂಚಿನಲ್ಲಿ ಪಾದ್ರಿಯ ಯಾವ ಬರಹವೂ ಇರಲಿಲ್ಲ. ಈ ಮಾರ್ಟಿನ್ ಬದುಕಿದ್ದ.

ಸಾಲು ಸಿಕ್ಕರೆ ಹೆಳವ ಅಷ್ಟಕ್ಕೇ ಏಳುವುದಿಲ್ಲ. ಆ ಥಾಮಸ್‌ನ ಹೆಂಡತಿ ಯಾವ ಮನೆಯಿಂದ ಬಂದವಳು ಎಂದು ಕೇಳಿದೆ. ಹುಡುಕಿದರು. ಆ ತಾಯಿಯೂ ಅದೇ ಚರ್ಚಿನ ಪುಸ್ತಕದಲ್ಲಿ ಕೂಸಾಗಿ ಸಿಕ್ಕಳು. ಅವಳ ಅವ್ವನ ಹೆಸರು ಆನರ್. ಇವಳ ಮೊದಲ ಮಗಳ ಹೆಸರು ನೋಡಿರಿ ಎಂದೆ. ಅದೂ ಆನರ್. ಮುಂದಿನ ತಲೆಮಾರು ನೋಡಿದರು. ಎರಡನೆಯ ಮಾರ್ಟಿನ್‌ನ ಮೊದಲ ಮಗಳಿಗೂ ಅವಳ ಅವ್ವನ ಅವ್ವನದೇ ಹೆಸರು. ರೂಢಿ ದೇಶದ್ದಷ್ಟೇ ಅಲ್ಲ, ಅವರ ಮನೆಯದೂ ಆಗಿತ್ತು.

ಬೀಗರು ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಕೇಳಿದರು. ಶಾಂತಾ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ಅಪ್ಪಾ, ನಿಮ್ಮ ಮನಿಯವರ ಹೆಸರೇನಂತ ಕೇಳಾಕತ್ತಾರ."

"ನಿನ್ನ ಅವ್ವನ ಹೆಸರು ನಿನಗ ಗೊತ್ತಿಲ್ಲೇನು? ಹೇಳು."

"ನೀನ ಹೇಳಬೇಕಂತ. ಮನಿಯವರು ಹೇಳಬೇಕು, ಬರಿಯೋರು ಬರೀತಾರ ಅಂತ ನೀನ ಅಂದಿದ್ದೆಲ್ಲ."

ಬೀಗರು ಆಗಲೇ ನನ್ನ ಪುಸ್ತಕವನ್ನು ತಮ್ಮ ಮುಂದೆ ಎಳೆದುಕೊಂಡು, ನನ್ನ ಪೆನ್ನು ಹಿಡಿದು ಕೂತಿದ್ದರು.

ಐವತ್ತು ವರ್ಷ ನಾನು ಕಂಡವರ ಮನೆಗಳ ಮುಂದೆ ಕೂತು ಹೆಸರು ಕೇಳಿದವನು. ಯಾರೂ ತಿರುಗಿ ನನ್ನನ್ನು ಕೇಳಿರಲಿಲ್ಲ. ಇನ್ನು ಹೆಂಡತಿಯ ಹೆಸರನ್ನಂತೂ ನಾನು ಎಂದೂ ಬಾಯಿಬಿಟ್ಟು ಕರೆದವನಲ್ಲ. ನಮ್ಮ ಕಾಲದಲ್ಲಿ ಹಾಗೆ ಕರೆಯುತ್ತಿರಲಿಲ್ಲ. ಏ, ಇವಳೇ, ಶಾಂತಾನ ಅವ್ವ, ಇಷ್ಟರಲ್ಲೇ ಸಂಸಾರ ಮುಗಿದಿತ್ತು. ಊರಿನ ಮಂದಿಯ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದ ಬಾಯಿಗೆ ಆ ಒಂದು ಹೆಸರು ಹೊಸದು.

"ನೀಲವ್ವ" ಎಂದೆ.

ದನಿ ಸಣ್ಣದಾಗಿ ಬಂತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಬೀಗರು ತಮ್ಮ ಅಕ್ಷರದಲ್ಲಿ ಬರೆದರು. ಶಾಂತಾ ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಪಟ್ಟಿಯನ್ನು ಕಿತ್ತಳು. ಅವಳಿಗೂ ಮೊದಲ ದಿನದಿಂದ ಅದೇ ಆಸೆ ಇತ್ತಂತೆ. ಅಪ್ಪನಿಗೆ ಆ ಹೆಸರು ಕೇಳಿದರೆ ನೋವಾದೀತು, ಬೀಗರಿಗೆ ನಾಲಿಗೆ ತಿರುಗಲಿಕ್ಕಿಲ್ಲ ಎಂದು ಸುಮ್ಮನಿದ್ದಳಂತೆ. "ಅಪ್ಪ ಮಗಳು ಇಬ್ಬರೂ ಬಾಯಿ ಹೊಲ್ಕೊಂಡು ಕುಂತ್ರ, ಹಾನಾ ಅಂತ ಬರಸಿ ಬರ್ತಿದ್ವಿ ನಾಳೆ" ಎಂದು ನನಗೇ ಬೈದಳು. ಮಾರ್ಟಿನ್ ಕೂಸಿನ ಕಿವಿಯಲ್ಲಿ ಆ ಹೆಸರನ್ನು ಹೇಳಿ ನೋಡಿದ. ಕೂಸು ಆಕಳಿಸಿತು. ಒಪ್ಪಿಗೆ ಎಂದು ಅವನು ಹೇಳಿದ.

ಊರಿನ ಕಚೇರಿ

ಮರುದಿನ ಎಲ್ಲರೂ ಹೋದೆವು. ಒಂದು ಕೂಸಿನ ಹೆಸರಿಗೆ ನಾಲ್ಕು ಜನ ಬಂದದ್ದನ್ನು ಕಂಡು ಗುಮಾಸ್ತೆ ನಾಲ್ಕು ಕುರ್ಚಿ ತರಿಸಿದಳು. ಅವರ ನಾಲಿಗೆಯಲ್ಲಿ ನೀಲವ್ವ ನೀರವ್ವ ಆದಳು. ಶಾಂತಾ ತಿದ್ದಲು ಹೋದಳು, ನಾನು ಬೇಡವೆಂದೆ. ಊರಿಗೆ ನಲ್ಲಿ ಬರುವವರೆಗೆ ನಮ್ಮ ಓಣಿಗೆಲ್ಲ ಬಾವಿಯಿಂದ ನೀರು ಸೇದಿ ಕೊಟ್ಟವಳು ನನ್ನ ಹೆಂಡತಿಯೇ. ಕಾಗದದ ಮೇಲೆ ಮಾತ್ರ ಸರಿಯಾಗಿ ಬಂದಿದೆಯೇ ಎಂದು ಶಾಂತಾ ಮೂರು ಸಲ ನೋಡಿದಳು.

ಆ ಸಂಜೆ

ನಾನು ತಂದಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದೆ. ಇಲ್ಲಿಯ ಪುಟ್ಟ ಬದನೆಕಾಯಿಗೆ ಶಾಂತಾ ಎಣ್ಣೆಗಾಯಿ ಮಾಡಿದಳು. ಬೀಗರು ಆಲೂಗಡ್ಡೆ ಬೇಯಿಸಿ ಬೆಣ್ಣೆ ಹಾಕಿ ಹಿಚುಕಿದರು. ಹೆಸರು ಬರೆಸಿದ ಸುದ್ದಿ ಕೇಳಿ ಕಿತಾ ಸಾನ್ ಕೆಂಪು ಕಾಳು ಹಾಕಿದ ಅನ್ನ ತಂದಳು, ಶುಭಕ್ಕೆ ಇಲ್ಲಿ ಅದನ್ನೇ ಮಾಡುತ್ತಾರಂತೆ. ಅವಳನ್ನೂ ಕೂರಿಸಿಕೊಂಡೆವು. ನೋರಾ ಬೀಗಿತಿಯನ್ನು ಫೋನಿನಲ್ಲಿ ತಂದು ನೀರಿನ ಜಗ್ಗಿಗೆ ಒರಗಿಸಿ ಇಟ್ಟೆವು. ಹೆಸರು ಕೇಳಿ ಅವರು, ರೂಢಿಯ ಪ್ರಕಾರ ಎರಡನೆಯ ಹೆಣ್ಣಿಗೆ ನನ್ನ ಹೆಸರು, ಮೊಣಕಾಲು ಸರಿಯಾಗುವುದರೊಳಗೆ ನೋಡಿಕೊಳ್ಳಿರಿ ಎಂದರು. ಮಾರ್ಟಿನ್‌ನ ಮುಖ ಗಡ್ಡದ ಬಣ್ಣಕ್ಕೆ ಬಂತು.

ಊಟಕ್ಕೆ ಮೊದಲು ನಾನು ಗೋಡೆಗೆ ಒರಗಿ ಕೂತು ಪುಸ್ತಕ ಬಿಚ್ಚಿದೆ. ಊರಿನಲ್ಲಿ ಓದುವ ರಾಗದಲ್ಲೇ ಓದಿದೆ. ಥಾಮಸ್, ಅವನ ಮಗ ತೀರಿಕೊಂಡ ಮಾರ್ಟಿನ್, ಅವನ ಹೆಸರು ನಿಲ್ಲಿಸಿದ ಇನ್ನೊಬ್ಬ ಮಾರ್ಟಿನ್, ಅವನ ಮಗ ಥಾಮಸ್, ಹೀಗೆ ಇಳಿದು ಇಳಿದು ಬೀಗರ ಹೆಸರಿಗೆ ಬಂದಾಗ ಅವರು ಶಾಲೆಯ ಹುಡುಗನ ಹಾಗೆ ಕೈ ಎತ್ತಿದರು. ಕೊನೆಗೆ ಅಳಿಯ, ಮಗಳು, ಅವರ ಮಗಳು ನೀಲವ್ವ. ಕಿತಾ ಸಾನ್‌ಗೆ ಒಂದಕ್ಷರವೂ ತಿಳಿಯಲಿಕ್ಕಿಲ್ಲ, ಆದರೂ ಮೊಣಕಾಲೂರಿ ಬೆನ್ನು ನೆಟ್ಟಗೆ ಮಾಡಿ ಕೇಳಿದಳು.

ಓದು ಮುಗಿಯುತ್ತಲೇ ಬೀಗರು ಅಡುಗೆಮನೆಗೆ ಹೋದರು. ತಟ್ಟೆಯ ತುಂಬ ಅಕ್ಕಿ ತಂದು ನನ್ನ ಮುಂದೆ ಬಾಗಿ ನಿಂತರು. ಓದಿದ ಹೆಳವನಿಗೆ ಮನೆಯವರು ಏನು ಕೊಡುತ್ತಾರೆಂದು ಶಾಂತಾಳನ್ನು ಮೊದಲೇ ಕೇಳಿಟ್ಟುಕೊಂಡಿದ್ದರಂತೆ. ನಾನು ಹೆಗಲ ಮೇಲಿನ ಟವೆಲ್ ಹಾಸಿ ಹಿಡಿದೆ. ನೋಮಿಯ ಗದ್ದೆಯ ಅಕ್ಕಿ, ಐರ್ಲೆಂಡಿನ ಕೈ. ಅರ್ಧ ಟವೆಲ್ಲಿಗೆ ಬಿತ್ತು, ಅರ್ಧ ಚಾಪೆಯ ಮೇಲೆ.

ಎಲ್ಲರೂ ಕೂತೆವು. ಬೀಗರು ರೊಟ್ಟಿಯನ್ನು ಆಲೂಗಡ್ಡೆಯ ಜೊತೆ ತಿಂದರು, ನಾನು ಕೆಂಪನ್ನಕ್ಕೆ ಎಣ್ಣೆಗಾಯಿ ಕಲಸಿಕೊಂಡೆ, ಕಿತಾ ಸಾನ್ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನಷ್ಟು ಬಡಿಸಿಕೊಂಡಳು. ನಡುವೆ ಒಳಕೋಣೆಯಿಂದ ಕೂಸು ಅತ್ತಿತು. ಶಾಂತಾ ಏಳುವುದರೊಳಗೆ ನಾನು ಎದ್ದಿದ್ದೆ.

"ಬಂದೆ ನೀಲವ್ವ, ಬಂದೆ" ಎಂದು ಕೂಗಿದೆ. ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಅವಳನ್ನು ಎಡಗೈಯಲ್ಲಿ ಎತ್ತಿಕೊಂಡು ಬಂದು ನನ್ನ ಜಾಗದಲ್ಲಿ ಕೂತೆ. ಬಲಗೈಯಲ್ಲಿ ಅರ್ಧ ಮುರಿದ ರೊಟ್ಟಿ ಹಾಗೇ ಇತ್ತು. ಊಟ ಮುಂದುವರಿಸಿದೆವು.